ಗೈಡ್‌ಲೈನ್ ಬರೆದವರು ಒಬ್ಬರು, ಒಪ್ಪಬೇಕಾದವರು ಇನ್ನೊಬ್ಬರು: ಅಮ್ಮನ 136/84 ಯಾರ ಲೆಕ್ಕದಲ್ಲಿ ಕಾಯಿಲೆ?

ಕ್ಯಾತ್ಸಂದ್ರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಅಮ್ಮನಿಗೆ 64. ಹೋದ ವರ್ಷ ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ಹೋಗಿ ಐದು ತಿಂಗಳು ಇದ್ದು ಬಂದರು. ಅಲ್ಲಿ ಮಂಡಿನೋವಿಗೆ ಅಂತ ತೋರಿಸಿದಾಗ ಬಿಪಿ 136/84 ಬಂತು. ಡಾಕ್ಟರು ಕಂಪ್ಯೂಟರಿನಲ್ಲಿ 'ಸ್ಟೇಜ್ 1 ಹೈಪರ್‌ಟೆನ್ಶನ್' (ಮೊದಲ ಹಂತದ ಬಿಪಿ ಕಾಯಿಲೆ) ಅಂತ ಹಾಕಿ ಪ್ರಿಂಟೂ ಕೊಟ್ಟು ಕಳಿಸಿದರು. ತುಮಕೂರಿಗೆ ಬಂದ ಮೇಲೆ ನಮ್ಮ ಡಾಕ್ಟರು ಆ ಕಾಗದ ನೋಡಿ, ತಾವೂ ಒಂದು ಸಲ ಪಟ್ಟಿ ಸುತ್ತಿ ನೋಡಿ (ಹೆಚ್ಚುಕಮ್ಮಿ ಅಷ್ಟೇ ಬಂತು), "ನಮ್ಮ ಲೆಕ್ಕದಲ್ಲಿ ಇದಕ್ಕೆ ಬಿಪಿ ಅನ್ನಲ್ಲಮ್ಮ, ಉಪ್ಪಿನಕಾಯಿ ಕಮ್ಮಿ ಮಾಡಿ" ಅಂದರು. ಅಮ್ಮ ಕೇಳಿದ್ದು: "ಅಲ್ಲಿದ್ದ ಕಾಯಿಲೆ ವಿಮಾನದಲ್ಲೇ ವಾಸಿ ಆಯ್ತಾ?"

ಅಣ್ಣ ಬಿಡ್ತಿಲ್ಲ, ದಿನಾ ವಾಟ್ಸ್ಯಾಪ್‌ನಲ್ಲಿ "ಮಾತ್ರೆ ಶುರು ಮಾಡಿದ್ರಾ" ಅಂತಾನೆ. ಇದರ ಹಿಂದೆ ಬಿದ್ದು ಓದಿದಾಗ ಗೊತ್ತಾಗಿದ್ದು ಇಷ್ಟು. 2017ರ ನವೆಂಬರಿನಲ್ಲಿ ಅಮೆರಿಕದ ಎರಡು ದೊಡ್ಡ ಹೃದ್ರೋಗ ಸಂಘಗಳು, ಎಸಿಸಿ ಮತ್ತು ಎಎಚ್‌ಎ, 130/80 ಮುಟ್ಟಿದರೆ ಹೈಪರ್‌ಟೆನ್ಶನ್ ಅಂತ ಹೊಸ ಗೈಡ್‌ಲೈನ್ (ಡಾಕ್ಟರುಗಳಿಗೆ ಹೀಗೆ ನೋಡಿ, ಹೀಗೆ ಚಿಕಿತ್ಸೆ ಕೊಡಿ ಅನ್ನುವ ಶಿಫಾರಸುಗಳ ದಾಖಲೆ) ತಂದವು. ಮುಂದಿನ ತಿಂಗಳೇ ಅದೇ ದೇಶದ ಫ್ಯಾಮಿಲಿ ಡಾಕ್ಟರುಗಳ ಸಂಘ ಎಎಎಫ್‌ಪಿ, ನಾವು ಇದನ್ನ ಎಂಡಾರ್ಸ್ ಮಾಡಲ್ಲ ಅಂತು.

ಅಮ್ಮನ ಬಿಪಿಗೆ ಇಲ್ಲಿ ಔಷಧಿ ಕೇಳುತ್ತಿಲ್ಲ, ಅದಕ್ಕೆ ಡಾಕ್ಟರಿದ್ದಾರೆ. ನನಗೆ ಗೊತ್ತಾಗಬೇಕಾದ್ದು ಈ 'ಎಂಡಾರ್ಸ್'. ಒಂದು ಸಂಘ ಬರೆದದ್ದಕ್ಕೆ ಇನ್ನೊಂದು ಸಂಘ ಯಾಕೆ ಸಹಿ ಹಾಕಬೇಕು? ಏನು ನೋಡಿ ಹಾಕುತ್ತಾರೆ? ಹಾಕದಿದ್ದರೆ ಏನಾಗುತ್ತೆ?

ಸಾಧನಕೇರಿ

ಏನಿಲ್ಲರೀ ಅಕ್ಕಾರ, ಎಲ್ಲಾ ಮಾತ್ರಿ ಕಂಪನಿ ಆಟ. ಗೆರಿ 140ರಿಂದ 130ಕ್ಕ ಇಳಿಸಿದ್ರ ರಾತ್ರೋರಾತ್ರಿ ಕೋಟಿಗಟ್ಟಲೆ ಮಂದಿ ಪೇಶಂಟ್ ಆಗ್ತಾರ. ಎಂಡಾರ್ಸ್ ಅಂದ್ರ ಏನಂತ ನಮಗ ಗೊತ್ತಿಲ್ಲೇನು? 2008ರಾಗ ನಮ್ಮ ದೇಶದ ಡಾಕ್ಟರ್ ಮಂದಿ ಸಂಘ ಐಎಂಎ ಟ್ರಾಪಿಕಾನಾ ಜ್ಯೂಸಿಗೆ, ಕ್ವೇಕರ್ ಓಟ್ಸಿಗೆ ತನ್ನ ಹೆಸರು ಕೊಟ್ಟಿತ್ತಲ್ಲ, ಹಂಗ. ರೊಕ್ಕ ಕೊಟ್ರ ಶಿಕ್ಕಾ.

ಪುರಾವೆ ಗುಮಾಸ್ತ

ಸಾಧನಕೇರಿಯವರೇ, ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಐಎಂಎ ಮಾಡಿದ್ದು ಜಾಹೀರಾತು ಒಪ್ಪಂದ. ಅದು ತಪ್ಪು ಅಂತ 2010ರಲ್ಲಿ ಮೆಡಿಕಲ್ ಕೌನ್ಸಿಲ್ಲೇ ಕ್ರಮ ತಗೊಂಡಿತು. ಇಲ್ಲಿನ ಮಾತು ಬೇರೆ.

ನಾನು ಡಾಕ್ಟರಲ್ಲ. ಅಮೆರಿಕದಲ್ಲಿ ಒಂದು ವೈದ್ಯ ಸಂಘದ ಕಚೇರಿಯಲ್ಲಿ ಆರು ವರ್ಷ ಇವೇ ಕಡತ ನೋಡಿಕೊಂಡಿದ್ದವನು. ಯಾವ ಸಂಘ ಅನ್ನೋದು ಬೇಡ.

ಮದುವೆ ಪತ್ರಿಕೆ ನೆನೆಸಿಕೊಳ್ಳಿ. ಮೇಲೆ ಹುಡುಗ, ಹುಡುಗಿ, ಅವರ ತಂದೆತಾಯಿ. ಕೆಳಗೆ 'ಸುಖಾಗಮನ ಬಯಸುವವರು' ಅಂತ ಉದ್ದ ಪಟ್ಟಿ. ಆ ಪಟ್ಟಿಯಲ್ಲಿರುವ ದೊಡ್ಡಪ್ಪ, ಸೋದರಮಾವ ಹೆಣ್ಣು ನೋಡಲು ಹೋದವರಲ್ಲ, ಛತ್ರಕ್ಕೆ ಮುಂಗಡ ಕೊಟ್ಟವರೂ ಅಲ್ಲ. ಆದರೂ ಹೆಸರು ಹಾಕಿಸಲು ಒಪ್ಪಿದ್ದಾರೆ, ಅಂದರೆ ಈ ಸಂಬಂಧಕ್ಕೆ ನಮ್ಮ ತಕರಾರಿಲ್ಲ ಅಂತ. ಗೈಡ್‌ಲೈನಿನಲ್ಲೂ ಈ ಎರಡು ಬಗೆಯ ಹೆಸರಿರುತ್ತೆ. 2017ರ ಬಿಪಿ ಗೈಡ್‌ಲೈನಿನ ಶೀರ್ಷಿಕೆಯಲ್ಲಿ ಎಸಿಸಿ, ಎಎಚ್‌ಎ ಜೊತೆಗೆ ಇನ್ನೂ ಒಂಬತ್ತು ಸಂಘಗಳಿದ್ದವು. ವೃದ್ಧರ ಚಿಕಿತ್ಸೆಯವರು, ಫಾರ್ಮಸಿಸ್ಟರು, ಹೃದ್ರೋಗ ನರ್ಸುಗಳು ಎಲ್ಲ ಬಂದಿದ್ದರು. ದಿನಬೆಳಗಾದರೆ ಅತಿ ಹೆಚ್ಚು ಬಿಪಿ ರೋಗಿಗಳನ್ನು ನೋಡುವ ಫ್ಯಾಮಿಲಿ ಡಾಕ್ಟರುಗಳ ಸಂಘ ಆ ಪಟ್ಟಿಯಲ್ಲಿ ಇರಲಿಲ್ಲ.

ಯಾಕೆ ಸಹಿ ಹಾಕ್ತಾರೆ ಅಂದ್ರಿ. ಸ್ವಂತಕ್ಕೊಂದು ಗೈಡ್‌ಲೈನ್ ಬರೆಯೋದು ಅಂದ್ರೆ ಆ ವಿಷಯದ ಅಧ್ಯಯನಗಳನ್ನೆಲ್ಲ ಜಾಲಾಡಿ, ಸೋಸಿ, ತೂಗಿ ನೋಡಬೇಕು. ವರ್ಷಗಟ್ಟಲೆ ಕೆಲಸ, ದಂಡಿ ದುಡ್ಡು. ಇನ್ನೊಬ್ಬರು ನೆಟ್ಟಗೆ ಮಾಡಿದ್ದರೆ ಅದನ್ನೇ ತಗೊಳ್ಳೋದು ಜಾಣತನ. ನೆಟ್ಟಗೆ ಮಾಡಿದ್ದಾರಾ ಅಂತ ನೋಡೋದೇ ನಮ್ಮ ಕೆಲಸವಾಗಿತ್ತು.

ಕಡತ ಬಂದಾಗ ನಾನು ಮೊದಲು ಬಿಚ್ಚುತ್ತಿದ್ದದ್ದು ಹಿಂದಿನ ಪುಟಗಳನ್ನು: ಸಮಿತಿಯಲ್ಲಿ ಯಾರಿದ್ದರು, ಯಾರಿಗೆ ಎಲ್ಲಿಂದ ದುಡ್ಡು ಬರುತ್ತೆ. ಆಮೇಲೆ ಪುರಾವೆ ಎಲ್ಲಿ ಹುಡುಕಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು. ಶಿಫಾರಸುಗಳನ್ನು ಓದುತ್ತಿದ್ದದ್ದು ಕೊನೆಗೆ. ಇದಕ್ಕೆ 'ಅಗ್ರೀ 2' ಅಂತ ಒಂದು ಅಳತೆಪಟ್ಟಿ ಇದೆ. ಆರು ಭಾಗ, 23 ಪ್ರಶ್ನೆ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು ಬೇರೆಬೇರೆ ಕೂತು ಅಂಕ ಹಾಕಬೇಕು. ಆಮೇಲೆ ಆ ವಿಷಯದ ವೈದ್ಯರ ಸಮಿತಿ, ಕೊನೆಗೆ ಆಡಳಿತ ಮಂಡಳಿ. ಒಂದು ಮಾತು ನೆನಪಿಡಿ: ಬರೆದು ಮುಗಿಸಿದ ಗೈಡ್‌ಲೈನ್ ನಮ್ಮ ಮೇಜಿಗೆ ಬಂದರೆ ಅದರ ಒಂದು ಅಲ್ಪವಿರಾಮವನ್ನೂ ಅಲುಗಾಡಿಸುವಂತಿಲ್ಲ. ತಗೊಂಡರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಒಂಟಿಕೊಪ್ಪಲು

ಪೂರ್ತಿ ಹೌದು, ಇಲ್ಲ ಪೂರ್ತಿ ಅಲ್ಲ, ಇಷ್ಟೇನಾ? ನೂರು ಶಿಫಾರಸಿನಲ್ಲಿ ತೊಂಬತ್ತು ಸರಿ ಇದ್ದು ಹತ್ತು ಒಪ್ಪದಿದ್ದರೆ?

ಪುರಾವೆ ಗುಮಾಸ್ತ

ಒಳ್ಳೇ ಪ್ರಶ್ನೆ. ಒಂದೊಂದು ಸಂಘದ್ದು ಒಂದೊಂದು ಸಂಪ್ರದಾಯ. ಎಎಎಫ್‌ಪಿಯಲ್ಲಿ ಮೂರು ಮೆಟ್ಟಿಲಿವೆ. ಪೂರ್ತಿ ಎಂಡಾರ್ಸ್. ಅದರ ಕೆಳಗೆ, 'ಇದರಿಂದ ನಮ್ಮ ವೈದ್ಯರಿಗೆ ಉಪಯೋಗ ಇದೆ, ಆದರೆ ಪೂರ್ತಿ ಎಂಡಾರ್ಸ್ ಮಾಡುವ ಮಟ್ಟ ಮುಟ್ಟಿಲ್ಲ' ಅನ್ನುವ ಅರ್ಧ ಒಪ್ಪಿಗೆ. ಮೂರನೆಯದು ಬೇಡ. ನಡುವಿನದ್ದು ನನಗಿಷ್ಟ. ಊಟ ಚೆನ್ನಾಗಿತ್ತು, ಸಾರಿಗೆ ಮಾತ್ರ ಉಪ್ಪು ಜಾಸ್ತಿ ಅಂತ ಮುಖಕ್ಕೇ ಹೇಳಿದ ಹಾಗೆ.

ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋದ್ದು ಇನ್ನೊಂದು ದಾರಿ. ಕೆನಡಾದ ಒಂಟಾರಿಯೋದವರು ಪ್ರಾಸ್ಟೇಟ್ ಕ್ಯಾನ್ಸರಿನ ಬಗ್ಗೆ ಒಂದು ಗೈಡ್‌ಲೈನ್ ಬರೆದಿದ್ದರು: ಅಪಾಯ ಕಡಿಮೆ ಇರುವವರಿಗೆ ತಕ್ಷಣ ಆಪರೇಷನ್ ಬೇಡ, ಕಣ್ಣಿಟ್ಟು ಕಾಯಿರಿ ಅಂತ. 2016ರಲ್ಲಿ ಆಸ್ಕೋ ಅದನ್ನು ಒಪ್ಪಿತು, ಜೊತೆಗೆ ಕೆಲವು ಕಡೆ ತನ್ನ ವಿವರಣೆಯನ್ನೂ ಸೇರಿಸಿ ಪ್ರಕಟಿಸಿತು. ಅಂಥ ಎಂಡಾರ್ಸ್‌ಮೆಂಟ್ ಓದಿದರೆ ನಿಜವಾಗಿ ಕೂತು ಓದಿದ್ದಾರೆ ಅಂತ ಗೊತ್ತಾಗುತ್ತೆ. ಬರೀ ಹೆಸರು ಕಂಡರೆ ಏನೂ ಗೊತ್ತಾಗಲ್ಲ.

ತಾಲ್ಲೂಕು ಆಸ್ಪತ್ರೆ

ಫಿಸಿಶಿಯನ್ ಆಗಿ 22 ವರ್ಷ ಆಯಿತು. ಬಿಪಿ ವಿಷಯಕ್ಕೆ ನಾಲ್ಕು ಮಾತು.

2017ರ ಗೆರೆ ಎದ್ದದ್ದು ಬಹುಪಾಲು ಸ್ಪ್ರಿಂಟ್ ಅನ್ನುವ ಅಧ್ಯಯನದ ಬೆನ್ನಿಗೆ. 9,361 ಜನ, ಎಲ್ಲ 50 ದಾಟಿದವರು, ಹೃದಯದ ಅಪಾಯ ಹೆಚ್ಚಿದ್ದವರು. ಸಕ್ಕರೆ ಕಾಯಿಲೆ ಇದ್ದವರನ್ನೂ ಸ್ಟ್ರೋಕ್ ಆದವರನ್ನೂ ತಗೊಂಡಿರಲಿಲ್ಲ. ಅರ್ಧ ಜನಕ್ಕೆ ಮೇಲಿನ ಬಿಪಿ 120ರ ಕೆಳಗೆ, ಉಳಿದವರಿಗೆ 140ರ ಕೆಳಗೆ ಇಡುವ ಗುರಿ. ಲಾಭ ಎದ್ದು ಕಂಡದ್ದರಿಂದ 2015ರಲ್ಲಿ ನಡುವೆಯೇ ನಿಲ್ಲಿಸಿದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹಾರ್ಟ್ ಫೇಲ್ಯೂರ್ ಎಲ್ಲ ಸೇರಿಸಿ ನೋಡಿದರೆ, ಸಾವಿರ ಜನರಲ್ಲಿ ವರ್ಷಕ್ಕೆ 22 ಆಗುವ ಜಾಗದಲ್ಲಿ ಸುಮಾರು 16-17. ಇದು ಸಣ್ಣದಲ್ಲ. ಅದೇ ಹೊತ್ತಿಗೆ ತಲೆಸುತ್ತಿ ಬೀಳೋದು, ಬಿಪಿ ತೀರಾ ಇಳಿಯೋದು, ಕಿಡ್ನಿ ತೊಂದರೆ ಕೂಡ 120ರ ಗುಂಪಿನಲ್ಲಿ ಹೆಚ್ಚಾಯಿತು.

ಸಾಧನಕೇರಿಯವರಿಗೆ: ಆ ಅಧ್ಯಯನ ನಡೆಸಿದ್ದು ಅಮೆರಿಕ ಸರ್ಕಾರದ ದುಡ್ಡು. ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವು ಹಳೇ ಅಗ್ಗದ ಮಾತ್ರೆಗಳು. ಕಂಪನಿ ಆಟ ಅನ್ನೋದು ಇಲ್ಲಿ ಅಷ್ಟು ಸುಲಭವಾಗಿ ಹೊಂದಲ್ಲ.

ಇನ್ನು ಅಳೆಯುವ ರೀತಿ. ಸ್ಪ್ರಿಂಟಿನಲ್ಲಿ ರೋಗಿ ಐದು ನಿಮಿಷ ಸುಮ್ಮನೆ ಕೂತ ಮೇಲೆ ಯಂತ್ರ ತಾನೇ ಮೂರು ಸಲ ಅಳೆಯುತ್ತಿತ್ತು. ಎಷ್ಟೋ ಕಡೆ ಕೋಣೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ನನ್ನ ಒಪಿಡಿಗೆ ಬನ್ನಿ. ಅಜ್ಜಿ ಬಸ್ಸಿಳಿದು, ಚೀಟಿ ಮಾಡಿಸಲು ಮುಕ್ಕಾಲು ಗಂಟೆ ಸಾಲಲ್ಲಿ ನಿಂತು, ಹಿಂದಿನವರು ತಳ್ಳುತ್ತಿರುವಾಗ ಸ್ಟೂಲಿನ ತುದಿಯಲ್ಲಿ ಕೂರುತ್ತಾಳೆ. ಸ್ವೆಟರ್ ತೋಳಿನ ಮೇಲೇ ಪಟ್ಟಿ. ಪಟ್ಟಿ ಬಿಗಿಯುತ್ತಿರುವಾಗಲೇ "ಮಗ ನೋಡ್ಕೊಳಲ್ಲ ಸಾ" ಅಂತ ಮಾತು. ಆ 136ಕ್ಕೂ ಸ್ಪ್ರಿಂಟಿನ 136ಕ್ಕೂ ಸಂಬಂಧ ಏನು?

ಕ್ಯಾತ್ಸಂದ್ರ ಅವರೇ, ನಿಮ್ಮಣ್ಣನಿಗೆ ಇದೂ ಹೇಳಿ. 130-139 ಇರುವವರೆಲ್ಲರಿಗೂ ಮಾತ್ರೆ ಕೊಡಿ ಅಂತ 2017ರ ಗೈಡ್‌ಲೈನೂ ಹೇಳಿರಲಿಲ್ಲ. ಆಗಲೇ ಹೃದ್ರೋಗ ಇದ್ದವರಿಗೆ, ಇಲ್ಲವೇ ಮುಂದಿನ ಹತ್ತು ವರ್ಷದ ಅಪಾಯ ಶೇ. 10 ದಾಟಿದವರಿಗೆ ಮಾತ್ರೆ. ಉಳಿದವರಿಗೆ ಉಪ್ಪು, ತೂಕ, ನಡಿಗೆ. ಹೆಸರು ಮಾತ್ರ ಎಲ್ಲರಿಗೂ ಬಿತ್ತು. ಅಮೆರಿಕದ ವಯಸ್ಕರಲ್ಲಿ ಬಿಪಿ ಇರುವವರು ಶೇ. 32ರಿಂದ ಶೇ. 46ಕ್ಕೆ ಏರಿದ್ದು ಹಾಗೆ. ನಮ್ಮಲ್ಲಿ ಅಸೋಸಿಯೇಷನ್ ಆಫ್ ಫಿಸಿಶಿಯನ್ಸ್ ಆಫ್ ಇಂಡಿಯಾ 2019ರಲ್ಲಿ 140/90ಅನ್ನೇ ಉಳಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಾತ್ರೆ ಶುರು ಮಾಡಲು ಹೇಳಿದ್ದೂ ಸಾಮಾನ್ಯವಾಗಿ 140/90ಕ್ಕೇ. ತುಮಕೂರಿನ ಡಾಕ್ಟರು ಗಾಳಿಯಲ್ಲಿ ಹೇಳಿದ್ದಲ್ಲ.

ಕ್ಯಾತ್ಸಂದ್ರ

ಡಾಕ್ಟರೇ, ತುಂಬಾ ಥ್ಯಾಂಕ್ಸ್. ಅಧ್ಯಯನ ಅಷ್ಟು ಗಟ್ಟಿ ಇದ್ದರೆ ಫ್ಯಾಮಿಲಿ ಡಾಕ್ಟರುಗಳ ಸಂಘಕ್ಕೆ ಏನು ತಕರಾರಿತ್ತು?

ಪುರಾವೆ ಗುಮಾಸ್ತ

ಅವರು ಮುಖ್ಯವಾಗಿ ಎತ್ತಿದ್ದು ಮೂರು. ಗೈಡ್‌ಲೈನಿನಲ್ಲಿ 106 ಶಿಫಾರಸುಗಳಿದ್ದವು, ಆದರೆ ಕ್ರಮಬದ್ಧವಾಗಿ ಪುರಾವೆ ಜಾಲಾಡಿದ್ದು ನಾಲ್ಕೇ ಪ್ರಶ್ನೆಗಳಿಗೆ. ಸ್ಪ್ರಿಂಟಿಗೆ ವಿಪರೀತ ತೂಕ ಕೊಟ್ಟು ಬೇರೆ ಅಧ್ಯಯನಗಳನ್ನು ಬದಿಗೆ ಸರಿಸಿದ್ದಾರೆ ಅನ್ನೋದು ಎರಡನೆಯದು. ಮೂರನೆಯದೇ ನಿಜವಾಗಿ ಚುಚ್ಚುವ ಮಾತು: ಸ್ಪ್ರಿಂಟನ್ನು ಮುನ್ನಡೆಸಿದ ಸ್ಟಿಯರಿಂಗ್ ಕಮಿಟಿಗೆ ಅಧ್ಯಕ್ಷರಾಗಿದ್ದವರೇ ಗೈಡ್‌ಲೈನ್ ಸಮಿತಿಗೂ ಅಧ್ಯಕ್ಷರು. ಇದರಲ್ಲಿ ದುಡ್ಡಿನ ಮಾತಿಲ್ಲ. ತಾನು ಹೆತ್ತ ಅಧ್ಯಯನದ ಮೇಲಿನ ಮೋಹ ಅಂತ ಆಕ್ಷೇಪ.

ತಾಲ್ಲೂಕು ಆಸ್ಪತ್ರೆ

ಇಲ್ಲಿ ನಿಮ್ಮ ಜೊತೆ ನನ್ನ ಜಗಳ ಇದೆ ಗುಮಾಸ್ತರೇ. ಬಿಪಿ ಬಗ್ಗೆ ಅಷ್ಟು ದೊಡ್ಡ ಅಧ್ಯಯನ ನಡೆಸಿದವರನ್ನು ಬಿಪಿ ಸಮಿತಿಯಿಂದ ಹೊರಗಿಡೋದು, ಅಡುಗೆ ಬಲ್ಲವನನ್ನು ಅಡುಗೆಮನೆಗೆ ಸೇರಿಸದ ಹಾಗೆ. ವಿಷಯ ಗೊತ್ತಿದ್ದವರಿಗೆಲ್ಲ ಒಂದಲ್ಲ ಒಂದು ಅಭಿಪ್ರಾಯ ಇದ್ದೇ ಇರುತ್ತೆ. ಅಭಿಪ್ರಾಯವೇ ಇಲ್ಲದವರನ್ನು ಕೂರಿಸಿದರೆ ಏನು ಬರೆದಾರು?

ಪುರಾವೆ ಗುಮಾಸ್ತ

ಹೊರಗಿಡಿ ಅಂತ ಯಾರೂ ಹೇಳಿಲ್ಲ ಸರ್. ಸಾಕ್ಷಿ ಹೇಳಲಿ, ತೀರ್ಪು ಬರೆಯುವ ಕುರ್ಚಿ ಬೇಡ ಅಷ್ಟೇ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ನಂಬಬಹುದಾದ ಗೈಡ್‌ಲೈನಿಗೆ ಎಂಟು ಮಾನದಂಡ ಹಾಕಿತು. ಹಿತಾಸಕ್ತಿ ಇದ್ದವರು ಸಮಿತಿಯಲ್ಲಿ ಅಲ್ಪಸಂಖ್ಯಾತರಾಗಿರಬೇಕು, ಅಧ್ಯಕ್ಷರಂತೂ ಆಗಬಾರದು ಅನ್ನೋದು ಅದರಲ್ಲಿದೆ. ಆದರೆ ಸ್ವಂತ ಸಂಶೋಧನೆಯ ಮೋಹವನ್ನು ದುಡ್ಡಿನಷ್ಟೇ ಬಿಗಿಯಾಗಿ ಅಳೆಯಬೇಕಾ ಅನ್ನೋದರಲ್ಲಿ ಒಮ್ಮತ ಇಲ್ಲ, ಆ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಕದ್ರಿ ನೈಟ್ ಡ್ಯೂಟಿ

ನಾನು ಐಸಿಯುನಲ್ಲಿ ನರ್ಸಿಂಗ್ ಆಫೀಸರ್. ಬಿಪಿದು ನಿಧಾನದ ಜಗಳ ಮಾರಾಯ್ರೆ. ನಮ್ಮಲ್ಲಿ ಗಡಿಯಾರ ಇಟ್ಟುಕೊಂಡು ಜಗಳ ಉಂಟು.

ಸೆಪ್ಸಿಸ್‌ಗೆ, ಅಂದ್ರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿಗೆ, 'ಸರ್ವೈವಿಂಗ್ ಸೆಪ್ಸಿಸ್' ಅಂತ ಅಂತರರಾಷ್ಟ್ರೀಯ ಗೈಡ್‌ಲೈನ್ ಉಂಟು. ಅಮೆರಿಕ ಮತ್ತು ಯುರೋಪಿನ ಐಸಿಯು ವೈದ್ಯರ ಸಂಘಗಳು ಸೇರಿ ನಡೆಸುವುದು. ಅದರ 2016ರ ಆವೃತ್ತಿಯಲ್ಲಿ, ಸೆಪ್ಸಿಸ್ ಆಗಲಿ, ಅದರಲ್ಲೇ ಬಿಪಿ ಕುಸಿಯುವ ಸೆಪ್ಟಿಕ್ ಶಾಕ್ ಆಗಲಿ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಅಂತ ಇತ್ತು. ಆಗ ಅಮೆರಿಕದ ಸೋಂಕುರೋಗ ತಜ್ಞರ ಸಂಘ ಐಡಿಎಸ್‌ಎ, ನಾವು ಎಂಡಾರ್ಸ್ ಮಾಡುವುದಿಲ್ಲ ಅಂತ ಹೇಳಿದ್ದಲ್ಲದೆ, ಯಾಕೆ ಮಾಡುವುದಿಲ್ಲ ಅಂತ 2018ರಲ್ಲಿ ಲೇಖನವನ್ನೇ ಬರೆಯಿತು. ಸೆಪ್ಸಿಸ್ ಗೈಡ್‌ಲೈನಿಗೆ ಸೋಂಕಿನ ಡಾಕ್ಟ್ರುಗಳದ್ದೇ ಸಹಿ ಇಲ್ಲ ಅಂದ್ರೆ ಯೋಚನೆ ಮಾಡಿ! ಶಾಕ್‌ನಲ್ಲಿ ಇರುವವರಿಗೆ ತಕ್ಷಣ ಕೊಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಕ್ ಇಲ್ಲದೆ ಬರೀ ಸೆಪ್ಸಿಸ್ ಅನುಮಾನ ಇರುವವರಲ್ಲಿ ಎಷ್ಟೋ ಮಂದಿಗೆ ಸೋಂಕೇ ಇರುವುದಿಲ್ಲ, ಗಡಿಯಾರ ತೋರಿಸಿ ಎಲ್ಲರಿಗೂ ದೊಡ್ಡ ದೊಡ್ಡ ಆಂಟಿಬಯೋಟಿಕ್ ಏರಿಸುವುದು ಸರಿಯಲ್ಲ ಅಂತ ಅವರ ವಾದ.

ಅದು ಹೇಗಿರ್ತದೆ ಅಂತ ನಾನು ಕಂಡಿದ್ದೇನೆ. ನಾನು ಮೊದಲು ಇದ್ದ ಒಂದು ಆಸ್ಪತ್ರೆಯಲ್ಲಿ ಆ ಒಂದು ಗಂಟೆಯನ್ನು ಗೋಡೆಯ ಬೋರ್ಡಿನಲ್ಲಿ ಬರೆದಿಡ್ತಿದ್ರು. ರಾತ್ರಿ ಎರಡೂವರೆಗೆ ಜ್ವರದವರೊಬ್ಬರು ಬಂದ್ರೆ, ಬ್ಲಡ್ ಕಲ್ಚರ್ ಬಾಟಲಿಗೆ ಲೇಬಲ್ ಅಂಟಿಸುವ ಮೊದಲೇ ಪಕ್ಕದಲ್ಲಿ ಒಬ್ಬರು ಇಂಜೆಕ್ಷನ್ ಪುಡಿ ಕರಗಿಸಿಕೊಂಡು ನಿಂತಿರ್ತಿದ್ರು. ಕಲ್ಚರಿಗೆ ಮೊದಲೇ ಆಂಟಿಬಯೋಟಿಕ್ ಹೋದ್ರೆ ಯಾವ ಕ್ರಿಮಿ ಅಂತ ಆಮೇಲೆ ಗೊತ್ತಾಗುವುದು ಕಷ್ಟ, ಇದು ಎಲ್ಲರಿಗೂ ಗೊತ್ತುಂಟು. ಆದ್ರೆ ಬೋರ್ಡ್ ಉಂಟಲ್ಲ.

2021ರ ಆವೃತ್ತಿಯಲ್ಲಿ ಬದಲಾಯಿತು. ಶಾಕ್ ಇದ್ರೆ, ಅಥವಾ ಸೆಪ್ಸಿಸ್ ಅಂತ ಬಲವಾದ ಅನುಮಾನ ಇದ್ರೆ ಒಂದು ಗಂಟೆ. ಶಾಕ್ ಇಲ್ಲ, ಅನುಮಾನವೂ ಅಷ್ಟಕ್ಕಷ್ಟೆ ಅಂತಾದ್ರೆ ಬೇಗ ಪರೀಕ್ಷೆ ಮಾಡಿ, ಸಂಶಯ ಹಾಗೇ ಉಳಿದ್ರೆ ಮೂರು ಗಂಟೆಯೊಳಗೆ. ಐಡಿಎಸ್‌ಎ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದ್ರೆ ಅವರು ಸುಮ್ಮನೆ ಸಹಿ ಹಾಕಿದ್ರೆ ಆ ಲೇಖನ ಬರ್ತಿರಲಿಲ್ಲ ಅಲ್ವಾ?

ಒಂಟಿಕೊಪ್ಪಲು

ಮದುವೆ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಬೇಡಿ ಅಂದ ಸೋದರಮಾವನನ್ನೇ ಮೊದಲು ಹೋಗಿ ಮಾತಾಡಿಸಬೇಕು ಅನ್ನಿ. ಹೆಸರು ಹಾಕಿಸಿದ ಮೂವತ್ತು ಜನರಿಗಿಂತ ಅವನ ಹತ್ತಿರ ಸುದ್ದಿ ಜಾಸ್ತಿ.

ಸಾಧನಕೇರಿ

ಒಪ್ಪಿದೆ, ಕಂಪನಿ ಆಟ ಅಂತ ಒಂದ ಏಟಿಗೆ ಅಂದದ್ದು ತಪ್ಪಾತು. ನಿನ್ನೆ ರಾತ್ರಿ ಕುಂತು ಒಂದಿಷ್ಟು ಓದಿದೆ. ಈಗ ನನ್ನ ಪ್ರಶ್ನಿ ಬ್ಯಾರೆ ಐತಿ.

ಆ ಮುನಿಸಿಕೊಂಡ ಮಾವಂದೂ ಒಂದು ಕಥಿ ಇರತೈತಲ್ಲರೀ. 2017ರ ಜನವರಿಯೊಳಗ ಎಎಎಫ್‌ಪಿ, ಫಿಸಿಶಿಯನ್ನರ ಸಂಘ ಎಸಿಪಿ ಜೋಡಿ ಸೇರಿ ತಮ್ಮದ ಒಂದು ಗೈಡ್‌ಲೈನ್ ತಂದಿತ್ತು: 60 ದಾಟಿದವರಿಗೆ ಮ್ಯಾಲಿನ ಬಿಪಿ 150ರ ಕೆಳಗ ಇದ್ರ ಸಾಕು ಅಂತ. ಅದೇ ವರ್ಷದ ಕೊನಿಗೆ ಇನ್ನೊಬ್ಬರ 130ಕ್ಕ ಶಿಕ್ಕಾ ಹೊಡದ್ರ ತಮ್ಮ ಕಾಗದ ತಾವ ಹರದಂಗ ಆಗ್ತಿತ್ತು. ಮ್ಯಾಲ 130 ಅಂತ ಹಿಡದ್ರ ಕೆಲಸ ಬೀಳೂದೂ ಅವರ ಮಂದಿ ಮ್ಯಾಲನ. ಹಂಗಾದ್ರ ಬ್ಯಾಡ ಅಂದವರಿಗೆ ಹಿತಾಸಕ್ತಿ ಇರಲಿಲ್ಲೇನು? ನಮ್ಮ ಕಡೆ ಅಂತಾರಲ್ಲ, ತನ್ನ ಎಲಿಯೊಳಗ ಕತ್ತಿ ಸತ್ತು ಬಿದ್ದಿದ್ರ ಮಂದಿ ಎಲಿಯೊಳಗಿನ ನೊಣ ತೋರಿಸಬಾರದು.

ಪುರಾವೆ ಗುಮಾಸ್ತ

ಸಾಧನಕೇರಿಯವರೇ, ಆರು ವರ್ಷ ಅಲ್ಲಿ ಕೂತಿದ್ದ ನನಗೆ ಇದು ನೇರ ತಟ್ಟಿತು. ನಿಜ. ಎಂಡಾರ್ಸ್ ಮಾಡುವ ಸಂಘದ ಹಿತಾಸಕ್ತಿಯನ್ನು ಅಳೆಯಲು ನಮ್ಮ 23 ಪ್ರಶ್ನೆಗಳಲ್ಲಿ ಒಂದೂ ಇಲ್ಲ. ಅವೆಲ್ಲ ಬರೆದವರನ್ನು ಕೇಳುವ ಪ್ರಶ್ನೆಗಳು. ಸಭೆಯಲ್ಲಿ "ಇದಕ್ಕೆ ಹೂಂ ಅಂದರೆ ನಮ್ಮ ಹೋದ ವರ್ಷದ ಹೇಳಿಕೆ ಏನಾಗುತ್ತೆ" ಅನ್ನುವ ಮಾತು ಬಂದೇ ಬರುತ್ತಿತ್ತು. ನಡಾವಳಿಯಲ್ಲಿ ಅದನ್ನು ಬರೆದುಕೊಂಡ ನೆನಪಿಲ್ಲ.

ಇನ್ನೊಂದು ತಮಾಷೆ ಕೇಳಿ. 2017ರಲ್ಲಿ ಬೇಡ ಅಂದಾಗ ಎಎಎಫ್‌ಪಿ, ನಾವು ಜೆಎನ್‌ಸಿ 8ಅನ್ನೇ ಒಪ್ಪುತ್ತೇವೆ ಅಂತು. ಜೆಎನ್‌ಸಿ ಅಂದರೆ ದಶಕಗಳ ಕಾಲ ಸರ್ಕಾರಿ ಸಂಸ್ಥೆಯ ಮೊಹರು ಹೊತ್ತು ಬರುತ್ತಿದ್ದ ಬಿಪಿ ಗೈಡ್‌ಲೈನ್. ಏಳನೆಯದು 2003ರಲ್ಲಿ ಬಂದಿತ್ತು. ಎಂಟನೆಯದಕ್ಕೆ ಸಮಿತಿ ಕೂತು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ, 2013ರಲ್ಲಿ ಆ ಸಂಸ್ಥೆ "ಇನ್ನು ಮೇಲೆ ನಾವು ಗೈಡ್‌ಲೈನ್ ಹೊರಡಿಸಲ್ಲ" ಅಂತ ಕೈತೊಳೆದುಕೊಂಡಿತು. ಸಮಿತಿಯವರು ತಾವಾಗಿ ಪ್ರಕಟಿಸಿದರು. ಅಪ್ಪ ಅಮ್ಮ ಇಬ್ಬರೂ ಹೆಸರು ಹಾಕಿಸದ ಪತ್ರಿಕೆ! 60 ದಾಟಿದವರಿಗೆ 150 ಸಾಕು ಅನ್ನುವ ಮಾತಿಗೆ ಅದೇ ಸಮಿತಿಯ ಐವರು ಬೇರೆ ಜರ್ನಲ್‌ನಲ್ಲಿ ಭಿನ್ನಮತ ಬರೆದರು. ಅಂಥ ತಬ್ಬಲಿ ದಾಖಲೆಯನ್ನು ಎಎಎಫ್‌ಪಿ ಎಂಡಾರ್ಸ್ ಮಾಡಿತ್ತು, ಹನ್ನೊಂದು ಸಂಘಗಳ ಹೆಸರಿದ್ದದ್ದನ್ನು ಮಾಡಲಿಲ್ಲ. ಹೆಸರಿನ ಎಣಿಕೆಗೆ ಅಲ್ಲಿ ಬೆಲೆ ಇರಲಿಲ್ಲ, ಅಷ್ಟು ಖಂಡಿತ.

ಕ್ಯಾತ್ಸಂದ್ರ

ಹಾಗಾದರೆ ಈ ಜಗಳ ಈಗ ಎಲ್ಲಿಗೆ ಬಂತು? ಅಣ್ಣನಿಗೆ ಇವತ್ತಿನ ಲೆಕ್ಕ ಹೇಳಬೇಕು.

ತಾಲ್ಲೂಕು ಆಸ್ಪತ್ರೆ

ಎರಡೂ ಕಡೆ ಸ್ವಲ್ಪ ಸ್ವಲ್ಪ ಜರುಗಿವೆ. ಎಎಎಫ್‌ಪಿ 2022ರಲ್ಲಿ ತನ್ನದೇ ಹೊಸ ಗೈಡ್‌ಲೈನ್ ತಂದಿತು: ಗುರಿ 140/90ರ ಕೆಳಗೆ ಅನ್ನೋದು ಬಲವಾದ ಶಿಫಾರಸು, ಹಾರ್ಟ್ ಅಟ್ಯಾಕ್ ಅಪಾಯ ಇನ್ನಷ್ಟು ತಗ್ಗಿಸಬೇಕಾದರೆ 135/85ರ ಕೆಳಗೆ ಅಂತ ಯೋಚಿಸಬಹುದು ಅನ್ನೋದು ದುರ್ಬಲ ಶಿಫಾರಸು. ಅಂದರೆ ಆ 150 ಹೋಯಿತು. ಅಮೆರಿಕದ ಸಕ್ಕರೆ ಕಾಯಿಲೆ ಸಂಘ ಎಡಿಎ 2018ರಲ್ಲಿ 140/90ಕ್ಕೇ ನಿಂತಿತ್ತು, 2023ಕ್ಕೆ 130/80ಕ್ಕೆ ಬಂತು. ಎಎಚ್‌ಎ, ಎಸಿಸಿ 2025ರ ಹೊಸ ಆವೃತ್ತಿಯಲ್ಲೂ 130/80 ಬಿಟ್ಟಿಲ್ಲ. ಯುರೋಪಿನಲ್ಲಿ ಹೈಪರ್‌ಟೆನ್ಶನ್ ಸಂಘ, ಹೃದ್ರೋಗ ಸಂಘ ಎರಡೂ 2018ರಲ್ಲಿ ಕೂಡಿ ಬರೆದಿದ್ದವು. ಈಗ ಬೇರೆ ಒಲೆ ಹೂಡಿ 2023ರಲ್ಲಿ ಒಂದು, 2024ರಲ್ಲಿ ಇನ್ನೊಂದು ತಂದಿವೆ.

ಅಮ್ಮನಿಗೆ ಮನೆಯಲ್ಲೇ ಏಳು ದಿನ ಬಿಪಿ ನೋಡಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗಿಕೊಂಡು, ಬರಿ ತೋಳಿಗೆ ಪಟ್ಟಿ. ಅದನ್ನು ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ.

ಒಂಟಿಕೊಪ್ಪಲು

ಗುಮಾಸ್ತರೇ, ಒಂದು ಕೊನೇ ಪ್ರಶ್ನೆ. ಯಾವ ಸಂಘ ಯಾವುದನ್ನು ಒಪ್ಪಿದೆ ಅಂತ ನೋಡಲು ಒಂದೇ ಜಾಗ ಇದೆಯಾ?

ಪುರಾವೆ ಗುಮಾಸ್ತ

ಗೈಡ್‌ಲೈನುಗಳನ್ನೆಲ್ಲ ಒಂದೇ ಕಡೆ ಪೇರಿಸಿಟ್ಟಿದ್ದ ನ್ಯಾಷನಲ್ ಗೈಡ್‌ಲೈನ್ ಕ್ಲಿಯರಿಂಗ್‌ಹೌಸ್ ಅಂತ ಅಮೆರಿಕ ಸರ್ಕಾರದ ತಾಣ ಇತ್ತು. ಹಣ ನಿಂತು 2018ರ ಜುಲೈನಲ್ಲಿ ಮುಚ್ಚಿತು. ಈಗ ಒಂದೊಂದು ಸಂಘದ ತಾಣಕ್ಕೇ ಹೋಗಿ ನೋಡಬೇಕು. ಹೋದಾಗ ತಾರೀಖು ನೋಡಿ. ಮಕ್ಕಳ ತಜ್ಞರ ಸಂಘ ಎಎಪಿಯ ನೀತಿ ಹೇಳಿಕೆಗಳು ಐದು ವರ್ಷಕ್ಕೆ ತಾವಾಗಿ ಮುಗಿಯುತ್ತವೆ, ಮತ್ತೆ ಕೂತು ಮುಂದುವರಿಸದಿದ್ದರೆ. ಎಲ್ಲ ಸಂಘಗಳೂ ಅಷ್ಟು ಶಿಸ್ತಿನವಲ್ಲ. ಕೆಲವು ಕಡೆ ಮೂಲ ಗೈಡ್‌ಲೈನ್ ಬದಲಾದ ಮೇಲೂ ಹಳೆಯದರ ಒಪ್ಪಿಗೆ ಹಾಗೇ ನೇತಾಡುತ್ತಿರುತ್ತೆ.

ಕ್ಯಾತ್ಸಂದ್ರ (ಹನ್ನೆರಡು ದಿನದ ಮೇಲೆ)

ಅಪ್‌ಡೇಟ್. ಏಳು ದಿನ ನೋಡಿದ್ವಿ. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಅರ್ಧ ಲೀಟರ್ ಪಕ್ಕ, ಬಿಪಿ ಬರೆದಿಟ್ಟರು. ಸರಾಸರಿ 128/78. ಡಾಕ್ಟರು ಅದನ್ನು ನೋಡಿ ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಉಪ್ಪಿನಕಾಯಿ ವಿಷಯದಲ್ಲಿ ಸಂಧಾನ ನಡೀತಿದೆ.

ಕ್ಯಾಲೆಂಡರಿನ ಫೋಟೋ ಅಣ್ಣನಿಗೆ ಕಳಿಸಿದೆ. ಎಲ್ಲ ಬಿಟ್ಟು ಅವನು ಕೇಳಿದ್ದು, "ಮಂಗಳವಾರ ಸಂಜೆ 142 ಯಾಕೆ?" ಅಂತ. ಅಮ್ಮ ಫೋನ್ ಇಸ್ಕೊಂಡು, "ಅವತ್ತು ನೀನೇ ಅಲ್ವೇನೋ ಫೋನ್ ಮಾಡಿದ್ದು" ಅಂದರು.